ಮೂರು ಡಬ್ಬ ಬಿಳಿಪುಡಿ

ಅನುಗೊಂಡನಹಳ್ಳಿ
೨೨ ಜುಲೈ ೧೯೭೪, ಸೋಮವಾರ

ಬೀರನಿಗೆ ಅಕ್ಕ ಬೈರಮ್ಮನ ಆಶೀರ್ವಾದ.

ಇವತ್ತು ಶ್ರಾವಣದ ಮೊದಲನೇ ಸೋಮವಾರ, ಉಪವಾಸ. ಕೋಳಿ ಕೂಗುವ ಮುಂಚೆ ಎದ್ದು ಅಂಗಳಕ್ಕೆ ಸಗಣಿ ನೀರು ಚೆಲ್ಲಿ, ಎಮ್ಮೆ ಹಾಲು ಕರೆದು, ಪಕ್ಕದ ಮನೆಯ ಬಾವ ಜವರಪ್ಪನವರಿಗೆ ಒಂದು ಚೊಂಬು ಕೊಟ್ಟು, ಈಶ್ವರನ ಗುಡಿಗೆ ಹೋಗಿ ಬಂದೆ. ಬಾವನಿಗೆ ಉಬ್ಬಸ ಹೆಚ್ಚಾಗಿದೆ. ಅವರ ತಮ್ಮ, ನನ್ನ ಯಜಮಾನರು, ಹೋದ ಮೇಲೆ ಈ ಮನೆಗೆ ಹಿರಿಯರು ಅಂತ ಇರುವವರು ಅವರೊಬ್ಬರೇ. ನಮ್ಮ ಕಾರ್ಖಾನೆಗೆ ಸೋಮವಾರ ವಾರದ ರಜ, ಹಾಗಾಗಿ ಕಾಗದ ಬರೆಯಲು ಕೂತಿದ್ದೇನೆ. ನಿನ್ನ ಪ್ರಯೋಗಶಾಲೆ ಇರುವ ಆ ರಾಂಚಿಯಲ್ಲಿ ರಾಗಿ ಸಿಗುತ್ತದೋ ಇಲ್ಲವೋ, ಹೊಟ್ಟೆ ನೋಡಿಕೋ.

ನೀನು ಕೊಡಿಸಿದ ಕೆಲಸ ಚೆನ್ನಾಗಿ ನಡೆಯುತ್ತಿದೆ. ಪಿಲ್ಲಗುಂಪೆ ದಾರಿಯ ಆ ಶೆಡ್ಡಿಗೆ ಸೇರಿ ಮೂರು ವರ್ಷವಾಯಿತು. ಮೊದಲು ಗುಡಿಸುತ್ತಿದ್ದವಳು ಎರಡು ವರ್ಷದಿಂದ ಪುಡಿ ಕಲಸುವವಳು. ಮಾಲೀಕರು ಕೇಳಿದ್ದಕ್ಕೆ ನೀನು ಬರೆದುಕೊಟ್ಟ ಲೆಕ್ಕ ನನಗೆ ಬಾಯಿಪಾಠ: ಕಾರ್ಬೈಡಿನ ಕರಿಪುಡಿ ನಲವತ್ತು ಡಬ್ಬ, ಜೇಡಿ ಐದು, ಅಲ್ಯೂಮಿನಾ ಎರಡು, ಬಿಳಿಕಲ್ಲಿನ ಪುಡಿ ಒಂದು, ಇಷ್ಟು ಸೇರಿದರೆ ಒಂದು ಕಲಸು. ಡ್ರಮ್ಮು ತಿರುಗಿಸಿ, ನೀರು ಚಿಮುಕಿಸಿ, ಹಿಡಿಯಲ್ಲಿ ಹಿಡಿದರೆ ನಿಲ್ಲಬೇಕು, ಬೆರಳಿಗೆ ಅಂಟಬಾರದು. ಆ ಹದ ನೋಡುವುದು ನಾನೇ. ಮ್ಯಾನೇಜರು ಬಂದರೂ "ಬೈರಮ್ಮನ್ನ ಕೇಳ್ರೋ" ಅನ್ನುತ್ತಾರೆ. ನಮ್ಮ ಹಲಗೆ ಬೆಂದು ಹೊರಗೆ ಬಂದಾಗ ಬೆರಳಲ್ಲಿ ತಟ್ಟಿದರೆ ಗುಡಿ ಗಂಟೆಯ ಹಾಗೆ ಸದ್ದು. ಪಿಂಗಾಣಿ ಕಾರ್ಖಾನೆಯವರು ಬಟ್ಟಲು ಸುಡುವ ಗೂಡಿನಲ್ಲಿ ಅದನ್ನೇ ಅಂತಸ್ತು ಅಂತಸ್ತಾಗಿ ಜೋಡಿಸಿ ಮೇಲೆ ಬಟ್ಟಲು ಇಡುತ್ತಾರಂತೆ. ಅಷ್ಟು ಬೆಂಕಿಯಲ್ಲಿ ಅಷ್ಟು ಭಾರ ಹೊರಬೇಕು.

ನಿನಗೆ ಒಂದು ಮಾತು ಹೇಳಬೇಕು, ನಗಬೇಡ. ಹೊಸ ಡ್ರಮ್ಮು ತಿರುಗಿಸುವ ಮುಂಚೆ ನಾನು ಒಂದು ಚಿಟಿಕೆ ವಿಭೂತಿ ಒಳಗೆ ಹಾಕುತ್ತೇನೆ. ಶೆಡ್ಡಿನ ಗೋಡೆಯಲ್ಲಿ ಈಶ್ವರನ ಪಟ ಇದೆ, ಅದರ ಕೆಳಗಿನ ಬಟ್ಟಲಿನದು. ಬೆಂಕಿಗೆ ಹೋಗುವ ವಸ್ತು, ಬೆಂದ ಬೂದಿಯ ರಕ್ಷೆ ಇರಲಿ ಅಂತ. ಒಂದು ದಿನವೂ ತಪ್ಪಿಸಿಲ್ಲ.

ಇನ್ನೊಂದು ಕೇಳಬೇಕು. ಕರಿಪುಡಿ ಅಷ್ಟು ಗಟ್ಟಿ, ಗಾಜನ್ನೇ ಕೊರೆಯುತ್ತದೆ. ಅದಕ್ಕೆ ಈ ಒಂದು ಡಬ್ಬ ಎರಡು ಡಬ್ಬದ ಹಂಗು ಯಾಕೆ?

ನಿನ್ನ ಅಕ್ಕ
ಬೈರಮ್ಮ


ರಾಂಚಿ
೨ ಆಗಸ್ಟ್ ೧೯೭೪

ಪ್ರೀತಿಯ ಅಕ್ಕನಿಗೆ ಬೀರ ಮಾಡುವ ನಮಸ್ಕಾರ.

ನಿನ್ನ ಕಾಗದ ಓದಿ ಮನೆಯ ಅಂಗಳದಲ್ಲೇ ಕೂತ ಹಾಗಾಯಿತು. ನೀನು ಕೇಳಿದ ಪ್ರಶ್ನೆಯನ್ನು ಇಲ್ಲಿ ಎಂ.ಎಸ್ಸಿ. ಮಾಡಿದ ಹುಡುಗರೂ ಕೇಳುವುದಿಲ್ಲ.

ನೀನು ನನಗೆ ಮಾಡಿಕೊಡುತ್ತಿದ್ದ ಕಡಲೆಬೀಜದ ಉಂಡೆ ನೆನೆಸಿಕೋ. ಬೀಜ ಎಷ್ಟು ಹುರಿದರೂ ಒಂದಕ್ಕೊಂದು ಅಂಟುವುದಿಲ್ಲ, ಬೆಲ್ಲದ ಪಾಕ ಬೇಕು. ಕರಿಪುಡಿಯೂ ಹಾಗೆಯೇ. ನಮ್ಮ ಗೂಡಿನ ಬೆಂಕಿಗೆ ಅದು ಕಾಳು ಕಾಳಾಗಿಯೇ ಉಳಿಯುತ್ತದೆ. ಜೇಡಿ, ಅಲ್ಯೂಮಿನಾ, ಬಿಳಿಪುಡಿ ಕರಗಿ ಗಾಜಿನ ಪಾಕವಾಗಿ ಕಾಳಿನ ಸಂದಿಗೆ ಇಳಿದು ಹಿಡಿದುಕೊಳ್ಳುತ್ತದೆ. ಬಿಳಿಪುಡಿ ಪಾಕವನ್ನು ಬೇಗ ಕರಗಿಸುತ್ತದೆ, ಅಲ್ಯೂಮಿನಾ ಗಟ್ಟಿ ಮಾಡುತ್ತದೆ. ಹಲಗೆಯ ಗುಣವೆಲ್ಲ ಆ ಎಂಟು ಡಬ್ಬದಲ್ಲಿದೆ, ನಲವತ್ತರಲ್ಲಿಲ್ಲ.

ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ಎಣ್ಣೆ ಬೆಲೆ ಏರಿ ಗೂಡು ಉರಿಸುವುದೇ ಕಷ್ಟ ಅಂತ ಮಾಲೀಕರು ಬರೆದಿದ್ದರು. ಮುಂದಿನ ಕಲಸಿಗೆ ಬಿಳಿಪುಡಿ ಮೂರು ಡಬ್ಬ, ಅಲ್ಯೂಮಿನಾ ಅರ್ಧ ಡಬ್ಬ ಹಾಕು. ಕಡಿಮೆ ಬೆಂಕಿಗೇ ಬೇಯುತ್ತದೆ. ಮ್ಯಾನೇಜರಿಗೆ ನಾನೇ ಬರೆಯುತ್ತೇನೆ, ನೀನು ಹೇಳುವುದು ಬೇಡ. ಇದೇ ತಿಂಗಳು ಆಗಬೇಕು, ನಿಲ್ಲಿಸಬೇಡ. ಡಿಸೆಂಬರಿನ ಸಮ್ಮೇಳನದಲ್ಲಿ ನಾನು ಓದುವ ಪ್ರಬಂಧ ಇದರ ಮೇಲೆಯೇ. ಅದು ಚೆನ್ನಾಗಿ ಹೋದರೆ ನನ್ನ ಕೆಲಸ ಖಾಯಂ.

ವಿಭೂತಿಯ ವಿಷಯಕ್ಕೆ ನಗಲಿಲ್ಲ, ನಕ್ಕಿದ್ದರೂ ಪ್ರೀತಿಗೆ. ಅಷ್ಟು ದೊಡ್ಡ ಡ್ರಮ್ಮಿಗೆ ಒಂದು ಚಿಟಿಕೆ ಏನೂ ಮಾಡುವುದಿಲ್ಲ. ಹಾಕ್ಕೋ ಅಕ್ಕ.

ನಿನ್ನ
ಬೀರ


ಅನುಗೊಂಡನಹಳ್ಳಿ
೨೬ ಆಗಸ್ಟ್ ೧೯೭೪, ಸೋಮವಾರ

ಬೀರನಿಗೆ,

ಬಾವ ಜವರಪ್ಪನವರು ಇದೇ ಹದಿನೇಳನೇ ತಾರೀಕು ಶನಿವಾರ ತೀರಿಹೋದರು. ಉಬ್ಬಸ ಹೆಚ್ಚಾಗಿ, ಕೂತಿದ್ದವರು ಕೂತಲ್ಲೇ. ನಮಗೆ ಹನ್ನೊಂದು ದಿನ ಸೂತಕ, ನಾಳೆಗೆ ಕಳೆಯುತ್ತದೆ. ಸೋಮವಾರವಾದರೂ ಇವತ್ತು ಉಪವಾಸವಿಲ್ಲ, ಗುಡಿಯಿಲ್ಲ, ದೀಪವಿಲ್ಲ. ಹಣೆ ಬೋಳಾಗಿ ಕೂತಿದ್ದೇನೆ.

ನೀನು ನಿಲ್ಲಿಸಬೇಡ ಅಂದಿದ್ದೆ. ಮ್ಯಾನೇಜರೂ ಕೆಲಸಕ್ಕೆ ಬಾ ಅಂತ ಹೇಳಿ ಕಳಿಸಿದರು. ನಾಲ್ಕನೇ ದಿನಕ್ಕೇ ಕೆಲಸಕ್ಕೆ ಹೋದೆ. ಊರವರು ಅಂದರು, ಅನ್ನಲಿ. ಶೆಡ್ಡಿನಲ್ಲಿ ಪಟದ ಕಡೆಗೆ ತಲೆಯೆತ್ತಿ ನೋಡಲಿಲ್ಲ. ಬಟ್ಟಲು ಮುಟ್ಟಲಿಲ್ಲ. ಬರಿಗೈಯಲ್ಲೇ ಡ್ರಮ್ಮು ತಿರುಗಿಸಿದೆ. ಎರಡು ವರ್ಷದಲ್ಲಿ ಇದೇ ಮೊದಲ ಸಲ. ಗೂಡು ನೋಡಿಕೊಳ್ಳುವ ಪಿಳ್ಳಣ್ಣ ಬಂದು ನಿಂತ.

"ಯಾಕಕ್ಕೋ, ಇವತ್ತು ಸ್ವಾಮಿಗೆ ಪಾಲು ಇಲ್ವಾ?"

"ಸೂತಕ ಕಣೋ. ಮುಟ್ಟಂಗಿಲ್ಲ."

"ಹಂಗಾದ್ರೆ ಈ ಸಲ ಬೆಂದ್ರೆ ನನ್ನ ಬೆಂಕಿ ಹೆಸ್ರು, ಬೇಯ್ದೆ ಹೋದ್ರೆ ನಿನ್ನ ಸೂತಕದ ಹೆಸ್ರು. ಒಪ್ಕೊ."

ಅಳುವ ಹೊತ್ತಿನಲ್ಲೂ ನಗು ಬಂತು.

ನಿನ್ನ ಚೀಟಿಯ ಪ್ರಕಾರವೇ ಹಾಕಿದ್ದೇನೆ. ಬಿಳಿಪುಡಿ ಮೂರು, ಅಲ್ಯೂಮಿನಾ ಅರ್ಧ. ಪಿಳ್ಳಣ್ಣ ಒಂದೂವರೆ ಗಂಟೆ ಮುಂಚೆಯೇ ಎಣ್ಣೆ ನಿಲ್ಲಿಸಿದ. ಹಲಗೆ ಇಷ್ಟು ಚೆಂದ ಎಂದೂ ಬಂದಿರಲಿಲ್ಲ. ಮೈ ನುಣುಪು, ಸದ್ದು ಮೊದಲಿಗಿಂತ ಹೆಚ್ಚು. ಮ್ಯಾನೇಜರು ಎಲ್ಲರಿಗೂ ಕಾಫಿ ಕೊಡಿಸಿದರು. ನನಗೆ ಮಾತ್ರ ಒಂದು ಅನುಮಾನ. ಪಾಕ ಅಂದೆಯಲ್ಲ, ಬೆಲ್ಲದ ಉಂಡೆಯನ್ನು ಮತ್ತೆ ಒಲೆಯ ಮುಂದೆ ಇಟ್ಟರೆ ಮೆತ್ತಗಾಗುತ್ತದೆ. ಇದು ಹಾಗೆ ಆಗುವುದಿಲ್ಲ ತಾನೇ? ನಿನಗೆ ಗೊತ್ತಿರುತ್ತದೆ ಬಿಡು.

ಬೈರಮ್ಮ


ರಾಂಚಿ
೧೦ ಸೆಪ್ಟೆಂಬರ್ ೧೯೭೪

ಅಕ್ಕನಿಗೆ ನಮಸ್ಕಾರ.

ಬಾವನವರ ಸುದ್ದಿ ತಿಳಿದು ಬೇಸರವಾಯಿತು. ಹಲಗೆ ಚೆನ್ನಾಗಿ ಬಂದದ್ದು ಸಂತೋಷ. ಇಲ್ಲಿ ಕೆಲಸ ಬಹಳ, ಹೆಚ್ಚು ಬರೆಯಲು ಬಿಡುವಿಲ್ಲ.

ನಾನು ಕಳಿಸಿದ ಚೀಟಿಯನ್ನು ಮರುಟಪಾಲಿನಲ್ಲಿ ವಾಪಸು ಕಳಿಸು. ಲೆಕ್ಕ ಸರಿ ನೋಡಬೇಕಾಗಿದೆ. ಮರೆಯಬೇಡ. ಮುಂದಿನ ಕಲಸಿಗೆ ಹಳೆಯ ಅಳತೆಯನ್ನೇ ಹಾಕು.

ಬೀರ


ಅನುಗೊಂಡನಹಳ್ಳಿ
೭ ಅಕ್ಟೋಬರ್ ೧೯೭೪, ಸೋಮವಾರ

ಬೀರನಿಗೆ ಆಶೀರ್ವಾದ.

ಚೀಟಿ ಕಳಿಸಿ ಹದಿನೈದು ದಿನವಾಯಿತು, ತಲುಪಿರಬೇಕು. ಇವತ್ತೂ ಉಪವಾಸ. ನೀರು ಕುಡಿಯಲೂ ಮನಸ್ಸಿಲ್ಲ.

ಆ ಹಲಗೆಗಳು ಬಗ್ಗಿಹೋದವಂತೆ. ಹೊಸೂರಿನ ಆಚೆಯ ಪಿಂಗಾಣಿ ಕಾರ್ಖಾನೆಯಿಂದ ಲಾರಿ ವಾಪಸು ಬಂತು. ಗೂಡಿನೊಳಗೆ ಬೆಂಕಿ ತುಂಬಾ ಏರಿದಾಗ ಕೆಳಗಿನ ಅಂತಸ್ತಿನ ಹಲಗೆ ನಡುವೆ ಜೋತು, ಮೇಲಿನದೆಲ್ಲ ಅದರ ಮೇಲೆ ಕುಸಿದು, ಗೂಡು ಪೂರ್ತಿ ಚೂರು. ಬಾಗಿಲು ತೆಗೆದಾಗ ಬಿಸಿ ಚೂರು ಜಾರಿ ಒಬ್ಬ ಕೆಲಸಗಾರನ ಪಾದ ಬೆಂದಿದೆ. ಅವನು ನಡೆಯುತ್ತಾನೋ ಇಲ್ಲವೋ ಅಂತ ಕೇಳಿದೆ, ಯಾರಿಗೂ ಗೊತ್ತಿಲ್ಲ. ಬಗ್ಗಿದ ಹಲಗೆ ನೋಡಿದೆ. ಹಪ್ಪಳ ಒಣಗುವಾಗ ಬಗ್ಗುತ್ತದಲ್ಲ, ಹಾಗೆ.

ಮ್ಯಾನೇಜರು ಕೂಗಾಡುತ್ತಿದ್ದಾರೆ. "ಏನ್ ಹಾಕಿದ್ಯಮ್ಮಾ ಅದ್ರೊಳಕ್ಕೆ?" ಅಂತ ಎಲ್ಲರ ಮುಂದೆ ಕೇಳಿದರು. ನಾನು ನಿನ್ನ ಹೆಸರು ಹೇಳಲಿಲ್ಲ. ನೀನೇ ಬರೆಯುತ್ತೇನೆ ಅಂದಿದ್ದೆಯಲ್ಲ, ಬರೆದಿಲ್ಲವೇ? ಅವರಿಗೆ ಚೀಟಿಯ ವಿಷಯವೇ ಗೊತ್ತಿದ್ದ ಹಾಗಿಲ್ಲ. ದೊಡ್ಡವರಿಂದಲೂ ತಪ್ಪಾಗುತ್ತದೆ, ಒಂದು ಸಾಲು ಬರೆದರೆ ಮುಗಿಯುತ್ತದೆ. ಕೂಡಲೇ ಬರೆ. ಅವರು ನಿನ್ನಿಂದಲೇ ವರದಿ ತರಿಸುತ್ತೇವೆ ಅಂತ ಹೇಳಿದ್ದಾರೆ. ಆಗ ನನಗೆ ಧೈರ್ಯ ಬಂತು.

ನಿನ್ನ ಅಕ್ಕ
ಬೈರಮ್ಮ


ಅನುಗೊಂಡನಹಳ್ಳಿ
೨೮ ಅಕ್ಟೋಬರ್ ೧೯೭೪, ಸೋಮವಾರ

ಬೀರ,

ನಿನ್ನ ವರದಿ ಬಂತು.

ಶುಕ್ರವಾರ ನಾನು ಹೋಗುವ ಹೊತ್ತಿಗೆ ಶೆಡ್ಡಿನ ಗೋಡೆಯಲ್ಲಿ ಪಟ ಇರಲಿಲ್ಲ. ಮೊಳೆ ಮಾತ್ರ ಇತ್ತು. ವಿಭೂತಿ ಬಟ್ಟಲು ಹೊರಗೆ ಕಸದ ಬುಟ್ಟಿಯ ಹತ್ತಿರ ಬೋರಲು. ಮ್ಯಾನೇಜರು ಅಂದರು, "ನಾಳೆಯಿಂದ ಹಲಗೆಗೆ ಹುಲ್ಲು ಸುತ್ತೋ ಕಡೆ ಹೋಗಮ್ಮ. ಪುಡಿ ಮುಟ್ಬೇಡ. ಕಾರ್ಖಾನೇನ ಗುಡಿ ಅಂದ್ಕೊಂಡಿದ್ದೀಯ ನೀನು." ಜೊತೆಯ ಹೆಂಗಸರು ತಲೆ ತಗ್ಗಿಸಿದರು. ಒಬ್ಬಳು ಕಿಸಕ್ಕೆಂದಳು.

ಉಗ್ರಾಣದ ಗುಮಾಸ್ತ ಮುನಿಶಾಮಪ್ಪನನ್ನು ಹಿಡಿದುಕೊಂಡೆ. ಅವನಿಗೆ ಇಂಗ್ಲಿಷ್ ಬರುತ್ತದೆ.

"ಏನ್ ಬರೆದವ್ರಪ್ಪಾ, ಓದು."

"ಬ್ಯಾಡ ಕಣಕ್ಕ."

"ಓದು ಅಂದ್ನಲ್ಲ."

ಓದಿದ. ಅಳತೆಯಲ್ಲಿ ಯಾವ ಬದಲಾವಣೆಯೂ ಆಗಿಲ್ಲವಂತೆ. ಕಲಸುವ ಕೆಲಸದ ಹೆಂಗಸು ತನ್ನ ಮೂಢನಂಬಿಕೆಯಿಂದ ಪ್ರತಿ ಡ್ರಮ್ಮಿಗೂ ಬೂದಿ ಬೆರೆಸುತ್ತಿದ್ದಳಂತೆ. ಬೂದಿಯಲ್ಲಿ ಕ್ಷಾರ ಇರುತ್ತದೆ, ಕ್ಷಾರದಿಂದ ಪಾಕ ಮೆತ್ತಗಾಗುತ್ತದೆ, ಹಲಗೆ ಬಗ್ಗುತ್ತದೆ. ಅಷ್ಟು ಓದಿ ಮುನಿಶಾಮಪ್ಪ ನಿಲ್ಲಿಸಿದ.

"ಇನ್ನೇನೈತೆ?"

"ಕೆಲಸದವಳೇ ಒಪ್ಕೊಂಡು ಬರೆದ ಕಾಗದ ಲಗತ್ತಿಸಿದೆ ಅಂತೈತೆ ಅಕ್ಕ."

ತಿರುಗಿಸಿ ತೋರಿಸಿದ. ನನ್ನ ಅಕ್ಷರ. ಶ್ರಾವಣದ ಮೊದಲನೇ ಸೋಮವಾರ ನಾನು ನಿನಗೆ ಬರೆದದ್ದು. ಹೊಟ್ಟೆ ನೋಡಿಕೋ ಅಂತ ಬರೆದ ಕಡೆ ಗೀರು ಎಳೆದು ಹೊಡೆದಿದ್ದೀಯ. ವಿಭೂತಿಯ ಮಾತಿನ ಕೆಳಗೆ ಕೆಂಪು ಗೆರೆ.

ಬೀರ, ಆ ಕಾಗದ ಅವರ ಮೇಜಿಗೆ ಹೇಗೆ ಬಂತು? ನಾನು ಅದನ್ನು ಯಾರಿಗೆ ಬರೆದಿದ್ದೆ?

ಆ ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಮೊದಲು ನಿನ್ನ ಮೇಲೆ ಕೋಪ ಬಂತು. ಆಮೇಲೆ ಇನ್ನೊಂದು ಬಂತು. ನೀನು ಓದಿದವನು. ನೀನು ಹೇಳಿದ್ದು ನಿಜವೇ ಇರಬಹುದಲ್ಲ? ನನ್ನ ಈಶ್ವರನ ಬೂದಿಯಿಂದಲೇ ಆ ಮನುಷ್ಯನ ಕಾಲು ಸುಟ್ಟಿರಬಹುದಲ್ಲ? ನಾಲ್ಕು ದಿನದಿಂದ ಹಣೆಗೆ ಇಟ್ಟುಕೊಳ್ಳಲು ಬೆರಳು ಏಳುತ್ತಿಲ್ಲ.

ಬೈರಮ್ಮ


ರಾಂಚಿ
೮ ನವೆಂಬರ್ ೧೯೭೪

ಶ್ರೀಮತಿ ಬೈರಮ್ಮನವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಭಾವುಕತೆಯಿಂದ ಯೋಚಿಸಬಾರದೆಂದು ವಿನಂತಿ. ಸೇರ್ಪಡೆ ವಸ್ತುಗಳ ಪ್ರಮಾಣದಲ್ಲಿ ಅತ್ಯಲ್ಪ ವ್ಯತ್ಯಾಸವಾದರೂ ಸಿಲಿಕಾನ್ ಕಾರ್ಬೈಡ್ ಹಲಗೆಯ ಗುಣ ಬದಲಾಗುತ್ತದೆ. ಬೂದಿಯ ಕ್ಷಾರದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ವರದಿಯಲ್ಲಿ ಬರೆದಿರುವುದು ಅಷ್ಟೇ.

ಇದರೊಡನೆ ಕನ್ನಡದಲ್ಲಿ ಒಂದು ಹೇಳಿಕೆ ಲಗತ್ತಿಸಿದ್ದೇನೆ. ಆಗಸ್ಟ್ ತಿಂಗಳ ಕಲಸಿಗೆ ತಾವು ವಿಭೂತಿ ಹಾಕಿದ್ದು ನಿಜವೆಂದು ಅದರಲ್ಲಿದೆ. ಸಹಿ ಮಾಡಿ ಮ್ಯಾನೇಜರಿಗೆ ಕೊಟ್ಟರೆ ವಿಷಯ ಮುಕ್ತಾಯವಾಗುತ್ತದೆ. ತಮ್ಮ ಮೇಲೆ ಯಾವ ಕ್ರಮವೂ ಆಗದಂತೆ ನೋಡಿಕೊಳ್ಳುವ ಹೊಣೆ ನನ್ನದು. ತಾವು ಕೆಲಸ ಬಿಟ್ಟು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುವ ವಯಸ್ಸೂ ಆಯಿತು.

ತಮ್ಮ ವಿಶ್ವಾಸಿ
ಸಿ. ಬೀರಪ್ಪ


ಅನುಗೊಂಡನಹಳ್ಳಿ
೨೫ ನವೆಂಬರ್ ೧೯೭೪, ಸೋಮವಾರ

ಬೀರ,

ನನ್ನನ್ನು "ತಾವು" ಅಂದಿದ್ದೀಯ. ನಮ್ಮವ್ವ ನಿನ್ನನ್ನು ಹೆತ್ತು ಮೂರನೇ ತಿಂಗಳಿಗೆ ಹೋದಳು. ನನಗೆ ಹದಿನಾರು. ಆಡಿನ ಹಾಲಿಗೆ ಬಟ್ಟೆ ಅದ್ದಿ ನಿನ್ನ ಬಾಯಿಗೆ ಇಟ್ಟವಳು ನಾನು. ಇಪ್ಪತ್ತು ವರ್ಷಕ್ಕೆ ಮದುವೆಯಾಗಿ ಬರುವಾಗ ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ಈ ಮನೆಗೆ ಬಂದೆ. ಬಾವ ಜವರಪ್ಪನವರು "ಹೆಣ್ಣಿನ ಜೊತೆ ಮಗೂನೂ ಬಂತು, ಲಾಭ" ಅಂದಿದ್ದರು. ತಾವು ಅನ್ನಿಸಿಕೊಳ್ಳುವಷ್ಟು ದೂರದವಳು ನಾನು ಯಾವಾಗ ಆದೆನೋ ಗೊತ್ತಾಗಲಿಲ್ಲ.

ಹೇಳಿಕೆ ಓದಿದೆ. ಆಗಸ್ಟ್ ತಿಂಗಳ ಕಲಸಿಗೆ ವಿಭೂತಿ ಹಾಕಿದೆ ಅಂತ ಅದರಲ್ಲಿ ಇದೆ. ಓದುತ್ತಿದ್ದ ಹಾಗೆ ನನ್ನ ತಲೆಗೆ ಯಾರೋ ತಟ್ಟಿದ ಹಾಗಾಯಿತು. ಒಂದು ತಿಂಗಳು ಕೊರಗಿ ಕೊರಗಿ ನನಗೇ ಮರೆತುಹೋಗಿತ್ತು ನೋಡು. ಆಗಸ್ಟಿನಲ್ಲಿ ನಮಗೆ ಸೂತಕ. ಬಟ್ಟಲನ್ನು ಮುಟ್ಟೇ ಇಲ್ಲ. ಎರಡು ವರ್ಷ ಹಾಕಿದ ಕಲಸಿನ ಹಲಗೆ ಒಂದೂ ಬಗ್ಗಲಿಲ್ಲ. ಹಾಕದೇ ಇದ್ದ ಒಂದೇ ಕಲಸು ಬಗ್ಗಿತು. ನಿನಗೆ ಅದು ಗೊತ್ತಿತ್ತು. ನಾನೇ ಬರೆದಿದ್ದೆ, ಬರಿಗೈಯಲ್ಲಿ ತಿರುಗಿಸಿದೆ ಅಂತ. ಆ ಕಾಗದವನ್ನು ಮಾತ್ರ ನೀನು ಲಗತ್ತಿಸಲಿಲ್ಲ.

ಹಾಕಿದ್ದರೆ ಬಗ್ಗುತ್ತಿರಲಿಲ್ಲ, ಸ್ವಾಮಿ ಕಾಪಾಡುತ್ತಿದ್ದ ಅಂತಲೂ ಒಂದು ಗಳಿಗೆ ಅನ್ನಿಸಿತು. ಅದೂ ನನ್ನ ಆಸೆಯೇ ಇರಬಹುದು. ಕಣ್ಣಾರೆ ನೋಡಿಬಿಡೋಣ ಅಂತ ಪಿಳ್ಳಣ್ಣನ ಹತ್ತಿರ ಹೋದೆ.

"ನಾಲ್ಕು ಕಡ್ಡಿ ಸುಟ್ಟುಕೊಡಬೇಕು ಕಣೋ. ಬೆರಳು ದಪ್ಪ, ಗೇಣುದ್ದ."

"ಮ್ಯಾನೇಜರಿಗೆ ಗೊತ್ತಾದ್ರೆ ನನ್ನೂ ಹುಲ್ಲು ಸುತ್ತಕ್ಕೆ ಹಾಕ್ತಾನಕ್ಕ."

"ಹಾಕ್ಲಿ. ಜೊತೆಗಿರ್ತೀಯ, ಹೊತ್ತು ಹೋಗ್ತದೆ."

ನಕ್ಕು ಒಪ್ಪಿಕೊಂಡ. ಮುನಿಶಾಮಪ್ಪ ಒಂದೊಂದು ಪುಡಿ ಒಂದೊಂದು ಪೊಟ್ಟಣ ಕೊಟ್ಟ. ಡಬ್ಬದ ಬದಲು ಚಮಚದಲ್ಲಿ ಅಳೆದೆ. ಒಂದು ಕಡ್ಡಿ ಹಳೆಯ ಅಳತೆಯದು. ಎರಡನೆಯದು ಹಳೆಯ ಅಳತೆಗೆ ಸಾಸಿವೆ ಕಾಳಿನಷ್ಟು ವಿಭೂತಿ. ಡ್ರಮ್ಮಿಗೆ ಒಂದು ಚಿಟಿಕೆಯಾದರೆ ಇದಕ್ಕೆ ಅಷ್ಟೂ ಬರುವುದಿಲ್ಲ, ಇರಲಿ ಅಂತ ಹೆಚ್ಚೇ ಹಾಕಿದೆ. ಮೂರನೆಯದಕ್ಕೆ ಒಂದು ಚಮಚ ತುಂಬ ವಿಭೂತಿ. ನಾಲ್ಕನೆಯದು ನಿನ್ನ ಚೀಟಿಯದು. ಪಿಳ್ಳಣ್ಣ ನಾಲ್ಕನ್ನೂ ಸುಟ್ಟು, ಆಮೇಲೆ ಎರಡೆರಡು ಇಟ್ಟಿಗೆಯ ಮೇಲೆ ತೊಲೆ ಇಟ್ಟ ಹಾಗೆ ಇಟ್ಟು, ನಡುವೆ ಒಂದೇ ಸಮ ಭಾರ ಹೇರಿ, ಉರಿ ಹೆಚ್ಚು ಬೀಳುವ ಕಡೆ ಮತ್ತೆ ಬೆಂಕಿ ಕೊಟ್ಟ. ಮೂರು ದಿನ ಆರಲು ಬಿಟ್ಟು ನಿನ್ನೆ ಬಾಗಿಲು ತೆಗೆದೆವು.

ಹಳೆಯ ಅಳತೆಯದು ನೆಟ್ಟಗೆ ಇತ್ತು. ಸಾಸಿವೆ ಕಾಳಿನಷ್ಟು ವಿಭೂತಿಯದೂ ನೆಟ್ಟಗೆ ಇತ್ತು, ಅದಕ್ಕಿಂತ ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಚಮಚ ತುಂಬಿದ್ದು ಬಗ್ಗಿತ್ತು. ನೀನು ಬೂದಿಯ ಬಗ್ಗೆ ಬರೆದದ್ದು ಸುಳ್ಳಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿನ್ನ ಚೀಟಿಯದು ನಡುವೆ ಜೋತು, ಇಟ್ಟಿಗೆಗಳ ನಡುವಿನ ನೆಲ ಮುಟ್ಟಿತ್ತು.

ನನ್ನ ಚಿಟಿಕೆಯಿಂದ ಕೆಟ್ಟದ್ದೂ ಆಗಲಿಲ್ಲ, ಒಳ್ಳೆಯದೂ ಆಗಲಿಲ್ಲ. ಅದು ಗೊತ್ತಾದ ಮೇಲೆ ನಾಲ್ಕು ಕಡ್ಡಿಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡೆ. ಪಿಳ್ಳಣ್ಣ ನೀರು ತಂದುಕೊಟ್ಟ. ಇವತ್ತು ಕಾರ್ತಿಕ ಸೋಮವಾರ, ಹಣೆಗೆ ಇಟ್ಟುಕೊಂಡು ಗುಡಿಗೆ ಹೋಗಿ ಬಂದೆ. ಸ್ವಾಮಿಯ ಹತ್ತಿರ ಹಲಗೆಯ ಮಾತು ಎತ್ತಲಿಲ್ಲ.

ಈಗ ನೀನು ಹೇಳು. ಚೀಟಿ ವಾಪಸು ಕೇಳಿದಾಗ ನಿನಗೆ ಗೊತ್ತಿತ್ತೇ?

ಬೈರಮ್ಮ


ರಾಂಚಿ
೫ ಡಿಸೆಂಬರ್ ೧೯೭೪

ಅಕ್ಕಾ,

ಗೊತ್ತಿತ್ತು. ಆಗಸ್ಟಿನ ಕಾಗದದಲ್ಲಿ ನೀನು ಬೆಲ್ಲದ ಉಂಡೆ ಮತ್ತೆ ಮೆತ್ತಗಾಗುವುದಿಲ್ಲವೇ ಅಂತ ಕೇಳಿದ್ದೆ. ಅದನ್ನು ಓದಿ ಅವತ್ತೇ ಇಲ್ಲಿಯ ಕುಲುಮೆಯಲ್ಲಿ ಭಾರ ಹೇರಿ ನೋಡಿದೆ. ಬಗ್ಗಿತು. ತಣ್ಣಗಿರುವಾಗ ಎಷ್ಟು ಗಟ್ಟಿ ಅಂತ ಮಾತ್ರ ಅಳೆದಿದ್ದೆ, ಬೆಂಕಿಯೊಳಗೆ ಅಳೆದಿರಲಿಲ್ಲ. ನನ್ನ ಅವಸರ. ಆಗಲೇ ತಂತಿ ಕೊಟ್ಟಿದ್ದರೆ ಹಲಗೆಗಳನ್ನು ತಡೆಯಬಹುದಿತ್ತು. ಪ್ರಬಂಧ ಒಪ್ಪಿಗೆಯಾಗಿ ಅಚ್ಚಿಗೆ ಹೋಗಿತ್ತು. ನಿಮ್ಮ ಹಲಗೆಗಳು ಅಷ್ಟು ಬೆಂಕಿ ಕಾಣದೇ ಇರಬಹುದು ಅಂತ ಸುಮ್ಮನಾದೆ.

ಅಕ್ಕಾ, ಇಪ್ಪತ್ತನೇ ತಾರೀಕು ಸಮ್ಮೇಳನ. ನನಗೆ ಇರುವುದು ಇದೊಂದೇ. ಕುರಿ ಕಾಯುವವನ ಮಗ ಇಲ್ಲಿಯವರೆಗೆ ಬಂದು ನಿಂತಿದ್ದೇನೆ. ಇಲ್ಲಿಯವರು ನನ್ನ ಉಚ್ಚಾರಣೆ ಕೇಳಿದರೆ ಇವತ್ತಿಗೂ ನಗುತ್ತಾರೆ. ಇದು ಹೊರಗೆ ಬಂದರೆ ನನ್ನನ್ನು ಇನ್ನು ಯಾರೂ ಒಳಗೆ ಸೇರಿಸುವುದಿಲ್ಲ. ನಿನಗೆ ಹೋಗುವುದು ಒಂದು ಶೆಡ್ಡಿನ ಕೆಲಸ. ನಾನು ನಿನ್ನನ್ನು ಇಲ್ಲಿಗೇ ಕರೆಸಿಕೊಳ್ಳುತ್ತೇನೆ, ರಾಣಿಯ ಹಾಗೆ ನೋಡಿಕೊಳ್ಳುತ್ತೇನೆ. ವಿಭೂತಿ ಹಾಕಿದೆ ಅಂದರೆ ನಿನ್ನನ್ನು ಯಾರು ಏನು ಮಾಡುತ್ತಾರೆ? ಹಳ್ಳಿಯ ಹೆಂಗಸು, ಗೊತ್ತಿಲ್ಲದೆ ಮಾಡಿದಳು ಅಂತ ಬಿಡುತ್ತಾರೆ.

ಒಂದು ಸಹಿ ಅಕ್ಕ. ಕಂಕುಳಲ್ಲಿ ಎತ್ತಿಕೊಂಡು ಬಂದವಳು ಈಗ ಕೆಳಗೆ ಹಾಕುತ್ತೀಯಾ? ಹೌದೋ ಇಲ್ಲವೋ, ಮರುಟಪಾಲಿನಲ್ಲಿ ಬರೆ. ನಿದ್ದೆಯಿಲ್ಲದೆ ಕಾಯುತ್ತಿರುತ್ತೇನೆ.

ನಿನ್ನ
ಬೀರ


ಅನುಗೊಂಡನಹಳ್ಳಿ
೧೪ ಡಿಸೆಂಬರ್ ೧೯೭೪, ಶನಿವಾರ

ಬೀರ,

ಇದು ಕಾರ್ಡು. ಯಾರು ಓದಿದರೂ ಓದಲಿ.

ಹೇಳಿಕೆಗೆ ಸಹಿ ಹಾಕಲಿಲ್ಲ. ನಿನ್ನೆ ಊಟದ ಹೊತ್ತಿಗೆ, ಎಲ್ಲರೂ ಶೆಡ್ಡಿನ ಮುಂದೆ ಕೂತಿದ್ದಾಗ, ನಾಲ್ಕು ಕಡ್ಡಿಗಳನ್ನು ಮ್ಯಾನೇಜರ ಮುಂದೆ ಸಾಲಾಗಿ ಇಟ್ಟೆ. ಯಾವುದರಲ್ಲಿ ಏನಿದೆ ಅಂತ ಚಮಚದ ಲೆಕ್ಕ ಹೇಳಿದೆ. ಸೂತಕದ ತಾರೀಕು ಹೇಳಿದೆ. ಪಿಳ್ಳಣ್ಣ ಎದ್ದು ನಿಂತು, "ನಾನೇ ಕೇಳಿದ್ದೆ ಸ್ವಾಮಿ, ಆ ದಿನ ಅಕ್ಕ ಬಟ್ಟಲು ಮುಟ್ಟಿಲ್ಲ" ಅಂದ. ಅಳತೆ ಬದಲಾಯಿಸಿದವರು ಯಾರು ಅಂತ ಕೇಳಿದರು. "ನನ್ನ ತಮ್ಮ. ನಾನು ಸಾಕಿದವನು" ಅಂದೆ. ಅವತ್ತು ಕಿಸಕ್ಕೆಂದವಳು ನಗಲಿಲ್ಲ.

ನಿನ್ನ ಆಗಸ್ಟಿನ ಕಾಗದ ನನ್ನ ಹತ್ತಿರ ಇದೆ. ಮೂರು ಡಬ್ಬ ಅಂತ ನಿನ್ನ ಕೈಬರಹದಲ್ಲೇ ಇದೆ, ಒಂದು ಚಿಟಿಕೆ ಏನೂ ಮಾಡುವುದಿಲ್ಲ ಅಂತಲೂ ಇದೆ. ಮುನಿಶಾಮಪ್ಪ ಅದನ್ನೂ ಕೊಟ್ಟುಬಿಡು ಅಂದ. ಕೊಡಲಿಲ್ಲ. ನನಗೆ ಅಂತ ಬಂದ ಕಾಗದ ಅದು.

ಬುಧವಾರ ಎಲ್ಲರೆದುರಿಗೆ ಮತ್ತೆ ಕಡ್ಡಿ ಸುಟ್ಟು ನೋಡುತ್ತಾರಂತೆ. ಕಲಸಲು ನನ್ನನ್ನೇ ಕರೆದಿದ್ದಾರೆ. ನಿನಗೂ ಮ್ಯಾನೇಜರು ಬರೆದಿದ್ದಾರೆ. ಕಾಲು ಸುಟ್ಟವನ ಊರು ವಿಚಾರಿಸಿ ಇಟ್ಟುಕೊಂಡಿದ್ದೇನೆ. ಬರುವ ಸೋಮವಾರ ಉಪವಾಸ ಮುಗಿಸಿ ನೋಡಿಕೊಂಡು ಬರುತ್ತೇನೆ. ನೀನು ಅವನನ್ನು ಒಂದು ಸಲವೂ ಕೇಳಲಿಲ್ಲ.

ಕೆಳಗೆ ಹಾಕುತ್ತೀಯಾ, ಹೌದೋ ಇಲ್ಲವೋ ಬರೆ ಅಂತ ಕೇಳಿದ್ದೀಯ. ಉತ್ತರ ಇದೆ. ಕಾಗದದಲ್ಲಿ ಬರೆದು ಇನ್ನು ನಿನ್ನ ಕೈಗೆ ಕೊಡುವುದಿಲ್ಲ. ಬಾಯಲ್ಲಿ ಹೇಳುತ್ತೇನೆ. ಬರಲು ನಿನಗೆ ಮುಖವಿದ್ದರೆ ಬಾ. ಇಲ್ಲದಿದ್ದರೆ ಯಾರನ್ನಾದರೂ ಕಳಿಸಿ ಉತ್ತರ ತರಿಸಿಕೊ.

ಬೈರಮ್ಮ